ಸೀಲಿಂಗ್ ಬಿಸಿಗೆ ಹಾಲೋಗ್ರಾಮ್ ಹಾಳಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಅಗರಬತ್ತಿಯವರು, ಮಂಡ್ಯದ ಬೆಲ್ಲದವರು, ಕಾಫಿಪುಡಿ, ಮಸಾಲೆಪುಡಿ ಪ್ಯಾಕ್ ಮಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು. ಡೂಪ್ಲಿಕೇಟ್ ಮಾಲಿನ ಕಾಟ ತಡೆಯಲಾರದೆ ದುಡ್ಡು ಕೊಟ್ಟು, ಅಸಲಿ ಅಂತ ತೋರಿಸುವ ಹೊಳೆಯುವ ಹಾಲೋಗ್ರಾಮ್ ಗುರುತನ್ನು ಪ್ಯಾಕಿನ ಮೇಲೆ ಹಾಕಿಸುತ್ತಾರೆ, ಆಮೇಲೆ ಪ್ಯಾಕನ್ನು ಬಿಸಿಯಿಂದ ಮುಚ್ಚುವ ತಮ್ಮದೇ ಸೀಲಿಂಗ್ ಮಿಷನ್ನಿನಲ್ಲಿ ಅದನ್ನು ಸುಟ್ಟುಕೊಳ್ಳುತ್ತಾರೆ. ತಪ್ಪು ಹಾಲೋಗ್ರಾಮಿನದು ಅಂತ ಸಪ್ಲೈಯರ್ ಜೊತೆ ಜಗಳ. ಹೆಚ್ಚಿನ ಸಲ ತಪ್ಪು ಇರುವುದು ಅದನ್ನು ಅಂಟಿಸಿದ ಜಾಗದಲ್ಲಿ.

ಹಾಲೋಗ್ರಾಮ್ ಸ್ವಲ್ಪ ಮಂಕಾದರೆ ಏನಾಯಿತು? ಒಳಗಿರುವ ಮಾಲು ಅಸಲಿ ತಾನೇ?

ಮಾಲು ಅಸಲಿ ಅಂತ ನಿಮಗೆ ಗೊತ್ತು. ಸಂತೆಪೇಟೆಯ ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಅವನು ನೋಡುವುದು ಆ ಹೊಳೆಯುವ ಚೂರನ್ನು ಮಾತ್ರ. ನಿಮ್ಮ ಅಸಲಿ ಪೌಚಿನಲ್ಲೇ ಹತ್ತಕ್ಕೆ ಎರಡು ಸುಕ್ಕುಗಟ್ಟಿ, ಬಣ್ಣ ಸತ್ತು ಬಂದರೆ ಅವನಿಗೆ ಅದು ಅಭ್ಯಾಸವಾಗುತ್ತದೆ. ಆಮೇಲೆ ನಕಲಿಯವನು ಸುಮ್ನೆ ಒಂದು ಬೆಳ್ಳಿ ಬಣ್ಣದ ಸ್ಟಿಕ್ಕರ್ ಅಂಟಿಸಿ ತಂದರೂ "ಇವರದ್ದು ಕೆಲವು ಹೀಗೇ ಬರುತ್ತೆ" ಅಂತ ತೆಗೆದುಕೊಳ್ಳುತ್ತಾನೆ. ಹಾಳಾದ ಗುರುತು ಇರುವುದಕ್ಕಿಂತ ಗುರುತೇ ಇಲ್ಲದಿರುವುದು ವಾಸಿ ಅಂತ ನಾನು ಹೇಳುವುದು ಇದಕ್ಕೇ.

ಬಿಸಿ ತಾಗಿದಾಗ ಅದರೊಳಗೆ ಆಗುವುದಾದರೂ ಏನು?

ಹಾಲೋಗ್ರಾಮಿನ ಬಣ್ಣ ಇಂಕಿನದಲ್ಲ. ಒಂದು ತೆಳು ಲ್ಯಾಕರ್ (ವಾರ್ನಿಷ್ ಥರದ ಲೇಪ) ಪದರದ ಮೇಲೆ ಒಂದು ಮೈಕ್ರಾನಿಗಿಂತ ಕಡಿಮೆ ಆಳದ ಗೆರೆಗಳನ್ನು ಒತ್ತಿರುತ್ತಾರೆ. ಆ ಗೆರೆಗಳಿಗೆ ಬೆಳಕು ಬಿದ್ದು ಒಡೆದಾಗ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅದರ ಮೇಲೆ 30ರಿಂದ 50 ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಇರುತ್ತದೆ, ಕನ್ನಡಿಯ ಕೆಲಸ ಅದರದು. ಈ ಎಲ್ಲವನ್ನೂ ಹೊತ್ತಿರುವುದು ಒಂದು ಪ್ಲಾಸ್ಟಿಕ್ ಫಿಲ್ಮ್.

ಬಿಸಿಗೆ ಮೂರೂ ಬೇರೆ ಬೇರೆ ರೀತಿ ಸೋಲುತ್ತವೆ. ಲ್ಯಾಕರ್ ಮೆತ್ತಗಾದರೆ ಗೆರೆಗಳು ಸಪಾಟಾಗುತ್ತವೆ. ಆಗ ಹೊಳಪು ಉಳಿದಿರುತ್ತದೆ, ಬಣ್ಣ ಮಾತ್ರ ಹೋಗಿರುತ್ತದೆ. ಫಿಲ್ಮ್ ಕುಗ್ಗಿದರೆ ಸುಕ್ಕು. ಫಿಲ್ಮ್ ಎಳೆದಾಡಿ ಅಲ್ಯೂಮಿನಿಯಂ ಬಿರುಕು ಬಿಟ್ಟರೆ ಹಾಲಿನ ಪೊರೆ ಕವಿದಂತೆ ಮಬ್ಬು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಹಾಳಾದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಏನಾಗಿದೆ ಅಂತ ಅಲ್ಲೇ ಹೇಳಬಹುದು. ಹೊಳಪಿದೆ ಬಣ್ಣವಿಲ್ಲ ಅಂದರೆ ಬಿಸಿಯ ಜೊತೆ ಒತ್ತಡವೂ ಬಿದ್ದಿದೆ, ಅಂದರೆ ಪೌಚಿನ ಬಾಯಿ ಒತ್ತುವ ಬಿಸಿ ಸೀಲಿಂಗ್ ಬಾರ್ ನೇರವಾಗಿ ಅದರ ಮೇಲೆ ಕೂತಿದೆ. ಸುಕ್ಕು ಮಾತ್ರ ಇದ್ದರೆ ಬಾರ್ ತಾಗಿಲ್ಲ, ಅಕ್ಕಪಕ್ಕದ ಬಿಸಿ ತಾಗಿದೆ.

ಹಾಗಾದರೆ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ?

ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಫಿಲ್ಮ್ ಯಾವುದು, ಲ್ಯಾಕರ್ ಯಾವುದು, ಎಷ್ಟು ಹೊತ್ತು, ಎಷ್ಟು ಒತ್ತಡ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪೆಟ್ (ಪಾಲಿಯೆಸ್ಟರ್) ಫಿಲ್ಮ್ ಕರಗುವುದು 250 ಡಿಗ್ರಿ ದಾಟಿದ ಮೇಲೆ, ಬಿಒಪಿಪಿ (ಪಾಲಿಪ್ರೊಪಿಲಿನ್) ಫಿಲ್ಮ್ 165ರ ಆಸುಪಾಸಿನಲ್ಲೇ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಕುಗ್ಗಲು ಶುರು ಮಾಡುತ್ತದೆ. ಅದಕ್ಕೇ ಬಿಸಿ ಸೀಲಿಂಗ್ ಇರುವ ಕಡೆ ಪೆಟ್ ಮೇಲಿನ ಹಾಲೋಗ್ರಾಮ್ ಕೇಳಿ. ಆದರೆ ಪೆಟ್ ಕರಗಲಿಲ್ಲ ಅಂದ ಮಾತ್ರಕ್ಕೆ ಮೇಲಿನ ಲ್ಯಾಕರ್ ಉಳಿಯಿತು ಅಂತಲ್ಲ. ಆರ್ಡರ್ ಕೊಡುವಾಗ "ನಮ್ಮ ಸೀಲಿಂಗ್ ಇಷ್ಟು ಡಿಗ್ರಿ, ಇಷ್ಟು ಸೆಕೆಂಡ್, ಲ್ಯಾಕರ್ ತಡೆಯುತ್ತಾ?" ಅಂತ ಬರಹದಲ್ಲಿ ಕೇಳಿ. ಅಂಟಿನ ಬಗ್ಗೆಯೂ ಕೇಳಿ. ರಬ್ಬರ್ ಜಾತಿಯ ಹಾಟ್‌ಮೆಲ್ಟ್ ಅಂಟು ಬಿಸಿಗೆ ಬೇಗ ಜಾರುತ್ತದೆ, ಅಕ್ರಿಲಿಕ್ ಅಂಟು ಹೆಚ್ಚು ತಡೆಯುತ್ತದೆ.

ಮಿಷನ್ ಡಿಸ್ಪ್ಲೇ 150 ತೋರಿಸುತ್ತದೆ. ಅದೇ ಬಿಸಿ ಹಾಲೋಗ್ರಾಮಿಗೂ ತಾಗುತ್ತದಾ?

ಇಲ್ಲ. ಡಿಸ್ಪ್ಲೇ ತೋರಿಸುವುದು ಹೀಟರ್ ಬ್ಲಾಕಿನ ಬಿಸಿಯನ್ನು. ಬೆಲ್ಟುಗಳ ನಡುವೆ ಪೌಚು ಸಾಗುತ್ತಾ ಸೀಲ್ ಆಗುವ ಬ್ಯಾಂಡ್ ಸೀಲರ್ ಆದರೆ ಆ ಬಿಸಿ ಟೆಫ್ಲಾನ್ ಬೆಲ್ಟ್ ದಾಟಿ ಪೌಚಿಗೆ ಬರಬೇಕು, ಬೆಲ್ಟ್ ಓಡುವ ವೇಗದ ಮೇಲೆ ಎಷ್ಟು ಬಂತು ಅನ್ನುವುದು ನಿಂತಿದೆ. ಬೆಲ್ಟ್ ಸವೆದು ತೆಳುವಾಗಿದ್ದರೆ ಅದೇ 150ಕ್ಕೆ ಜಾಸ್ತಿ ಬಿಸಿ ಹೊಡೆಯುತ್ತದೆ.

ಅಳೆಯಬೇಕಾದದ್ದು ಹಾಲೋಗ್ರಾಮ್ ಕೂತಿರುವ ಜಾಗದಲ್ಲಿ. ಬಿಸಿ ಮುಟ್ಟಿದರೆ ಕಪ್ಪಾಗಿ ಹಾಗೇ ಉಳಿಯುವ ಟೆಂಪರೇಚರ್ ಸ್ಟ್ರಿಪ್ ಸಿಗುತ್ತವೆ, ಒಂದನ್ನು ಆ ಜಾಗಕ್ಕೆ ಅಂಟಿಸಿ ಖಾಲಿ ಪೌಚನ್ನು ಮಿಷನ್ನಿಗೆ ಬಿಡಿ. ತೆಳು ತಂತಿಯ ಥರ್ಮೋಕಪಲ್ ಇದ್ದರೆ ಇನ್ನೂ ಒಳ್ಳೆಯದು. ಗನ್ ಥರ್ಮಾಮೀಟರ್ ಹಿಡಿದು ಹಾಲೋಗ್ರಾಮಿಗೇ ಗುರಿ ಇಡುವುದು ಮಾತ್ರ ದಂಡ. ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಕಿರಣವಾಗಿ ಹೊರಬಿಡುವುದು ತೀರಾ ಕಡಿಮೆ, ಗನ್ನು ಅದರಲ್ಲಿ ಪ್ರತಿಫಲಿಸಿದ ಕೋಣೆಯ ಬಿಸಿಯನ್ನು ಓದಿ 40 ಡಿಗ್ರಿ ಅನ್ನುತ್ತದೆ, ನೀವು ನೆಮ್ಮದಿಯಾಗಿ ಮನೆಗೆ ಹೋಗುತ್ತೀರಿ. ಅಳೆಯಲೇಬೇಕು ಅಂದರೆ ಅದರ ಮೇಲೆ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿಗೆ ಗುರಿ ಇಡಿ.

ಸೀಲಿನಿಂದ ಎಷ್ಟು ದೂರ ಇಡಬೇಕು?

ಸೀಲಿಂಗ್ ಬಾರಿನ ಅಂಚಿನಿಂದ ಕನಿಷ್ಠ 20 ಮಿಲಿಮೀಟರ್ ಬಿಡಿ ಅನ್ನುವುದು ನನ್ನ ಸಲಹೆ. ಜಾಗ ಇದ್ದರೆ ಇನ್ನೂ ಜಾಸ್ತಿ ಬಿಡಿ. ಸೀಲಿನ ಗೆರೆಯಿಂದ ಅಲ್ಲ, ಬಾರಿನ ಅಂಚಿನಿಂದ. ಬಾರ್ ಸೀಲಿಗಿಂತ ಅಗಲ ಇರಬಹುದು.

ಎಲ್ಲರೂ ಮರೆಯುವುದು ಒಂದಿದೆ. ರೋಲಿನಲ್ಲಿ ಬರುವ ಫಿಲ್ಮ್ ಆಟೋಮ್ಯಾಟಿಕ್ ಮಿಷನ್ನಿನಲ್ಲಿ ಓಡುವಾಗ ಐ ಮಾರ್ಕ್ (ಎಲ್ಲಿ ಕತ್ತರಿಸಬೇಕು ಅಂತ ಸೆನ್ಸರಿಗೆ ತೋರಿಸುವ ಗುರುತು) ನೋಡಿ ಮಿಷನ್ ಕತ್ತರಿಸುತ್ತದೆ, ಅಲ್ವಾ? ಆ ಸೆನ್ಸರ್ ಎರಡು ಮೂರು ಮಿಲಿಮೀಟರ್ ತಪ್ಪಿದರೂ ಹಾಲೋಗ್ರಾಮ್ ಮೆಲ್ಲಗೆ ಬಾರಿನ ಕಡೆಗೆ ಸರಿಯುತ್ತಾ ಹೋಗುತ್ತದೆ, ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನಕ್ಕೆ ಸೀಲಿನೊಳಗೆ ಕೂತಿರುತ್ತದೆ. ಹೊಳೆಯುವ ಹಾಲೋಗ್ರಾಮ್ ಐ ಮಾರ್ಕಿನ ಸಾಲಿನಲ್ಲೇ ಬಂದರೆ ಸೆನ್ಸರ್ ಅದನ್ನೇ ಮಾರ್ಕ್ ಅಂದುಕೊಳ್ಳುವುದೂ ಉಂಟು. ಈ ಎರಡನ್ನೂ ತಪ್ಪಿಸುವುದು ಡಿಸೈನ್ ಮಾಡುವ ದಿನ. ಪ್ರಿಂಟಿಂಗ್ ಸಿಲಿಂಡರ್ ಕೆತ್ತಿಸಿ ಆದ ಮೇಲೆ ಜಾಗ ಬದಲಾಯಿಸಬೇಕು ಅಂದರೆ ದುಡ್ಡು ಮತ್ತೆ ಹೋಗುತ್ತದೆ.

ಪೌಚಿನ ಉದ್ದಕ್ಕೂ ಹಾಲೋಗ್ರಾಮ್ ಪಟ್ಟಿ ಓಡುವ ಡಿಸೈನ್ ಆದರೆ ಸೀಲಿನೊಳಗೆ ಬರುವ ಭಾಗ ಹಾಳಾಗಿಯೇ ಆಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನೋಡುವವರು ನೋಡುವುದು ಮಧ್ಯದ ಭಾಗವನ್ನು. ಆ ಪಟ್ಟಿಯ ಮೇಲೂ ಸೀಲ್ ಗಟ್ಟಿ ಬಂದಿದೆಯಾ ಅಂತ ಮಾತ್ರ ಪರೀಕ್ಷಿಸಿ.

ಬಿಸಿ ಕಡಿಮೆ ಮಾಡಿದರೆ ಸೀಲ್ ಬಿಚ್ಚಿಕೊಳ್ಳುತ್ತದೆ. ಏನು ಮಾಡುವುದು?

ಇದೇ ಅಸಲಿ ಪ್ರಶ್ನೆ. ಸೀಲ್ ಆಗುವುದು ಒಳಗಿನ ಪದರ, ಆದರೆ ಬಿಸಿ ಬರುವುದು ಹೊರಗಿನಿಂದ. ಒಳಗಿನ ಪಾಲಿಥಿನ್ 110 ಡಿಗ್ರಿಗೆ ಬರಬೇಕಾದರೆ ಹೊರಗಿನ ಮೈ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರಬೇಕು. ಹಾಲೋಗ್ರಾಮ್ ಸ್ಟಿಕ್ಕರ್ ಇರುವುದು ಎಲ್ಲಿ? ಆ ಹೊರಗಿನ ಮೈ ಮೇಲೇ.

ಆದ್ದರಿಂದ ಡಿಗ್ರಿ ಇಳಿಸುವ ಮೊದಲು ಒಳಗಿನ ಪದರ ಬದಲಾಯಿಸಿ. ಫಿಲ್ಮ್ ಮಾಡುವವರನ್ನು ಬೇಗ ಸೀಲ್ ಆಗುವ ಪಾಲಿಥಿನ್ ಜಾತಿಯಾದ ಮೆಟಲೋಸಿನ್ ಎಲ್‌ಎಲ್‌ಡಿಪಿಇ ಹಾಕಿ ಕೊಡಿ ಅಂತ ಕೇಳಿ. ಮಾಮೂಲಿ ಪಾಲಿಥಿನ್‌ಗಿಂತ ಕಡಿಮೆ ಬಿಸಿಗೇ ಅದು ಹಿಡಿಯುತ್ತದೆ. ಫಿಲ್ಮಿನ ಬೆಲೆ ಸ್ವಲ್ಪ ಏರುತ್ತದೆ, ಆದರೆ ಮಿಷನ್ ಸ್ಪೀಡೂ ಏರಿಸಬಹುದು, ಆ ಲೆಕ್ಕ ಹಾಕಿ ನೋಡಿ. ಜೊತೆಗೆ ಮೇಲಿನ ಬಾರನ್ನು ತಂಪಾಗಿಟ್ಟು ಕೆಳಗಿನ ಬಾರಿಗೆ ಜಾಸ್ತಿ ಬಿಸಿ ಕೊಡುವುದೂ ನಡೆಯುತ್ತದೆ, ಎರಡಕ್ಕೂ ಬೇರೆ ಬೇರೆ ಕಂಟ್ರೋಲರ್ ಇದ್ದರೆ. ಹಾಲೋಗ್ರಾಮ್ ಇರುವ ಮುಖ ತಂಪು ಬಾರಿನ ಕಡೆಗೆ ಇರಲಿ.

ಸೀಲ್ ಬಿಚ್ಚಿಕೊಳ್ಳುವುದಕ್ಕೆ ಕಾರಣ ಬಿಸಿಯೇ ಅಂತಲೂ ಇಲ್ಲ. ಕಾಫಿಪುಡಿ, ಖಾರದಪುಡಿ ತುಂಬುವಾಗ ಪುಡಿ ಹಾರಿ ಬಾಯಿಯ ಒಳಗೆ ಕೂತಿರುತ್ತದೆ. ಅದನ್ನು ಒರೆಸದೆ 20 ಡಿಗ್ರಿ ಏರಿಸುತ್ತಾರೆ. ಪುಡಿ ಅಲ್ಲೇ ಇರುತ್ತದೆ, ಹಾಲೋಗ್ರಾಮ್ ಮಾತ್ರ ಹೋಗುತ್ತದೆ.

ಕರೆಂಟ್ ಹೋಗಿ ಬಂದಾಗಲೆಲ್ಲ ಕೆಲವು ಪೌಚು ಸುಟ್ಟಿರುತ್ತವೆ.

ಮಿಷನ್ ನಿಂತಾಗ ಬೆಲ್ಟಿನಲ್ಲಿ ಸಿಕ್ಕಿಕೊಂಡ ಪೌಚು ಬಿಸಿ ಬ್ಲಾಕಿನ ನಡುವೆಯೇ ಉಳಿಯುತ್ತದೆ. ಕರೆಂಟ್ ಹೋದರೂ ಬ್ಲಾಕ್ ಆರಲು ಹೊತ್ತು ಬೇಕು. ಬ್ಲಾಕುಗಳನ್ನು ಕೈಯಿಂದಲೇ ಅಗಲಿಸುವ ಲಿವರ್ ಇದ್ದರೆ ಮೊದಲು ಅದನ್ನು ಎಳೆಯಲು ಹುಡುಗರಿಗೆ ಹೇಳಿಕೊಡಿ. ನಿಂತ ಮೇಲೆ ಸಿಕ್ಕ ಪೌಚುಗಳನ್ನು, ಕರೆಂಟ್ ಬಂದ ಮೇಲೆ ಮೊದಲು ಬರುವ ನಾಲ್ಕೈದನ್ನು ಬದಿಗಿಡಿ.

ಕೈಯಿಂದ ಒತ್ತುವ ಇಂಪಲ್ಸ್ ಸೀಲರಿನ ಕಥೆ ಬೇರೆ. ಅದು ದೋಸೆ ಹೆಂಚಿನ ಹಾಗೆ, ಮೊದಲ ದೋಸೆಗೆ ಇಟ್ಟ ಉರಿಯಲ್ಲೇ ಇಪ್ಪತ್ತನೆಯದು ಸೀಯುತ್ತದೆ. ಬಿಡುವಿಲ್ಲದೆ ಒತ್ತುತ್ತಾ ಹೋದರೆ ಟೈಮರ್ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು.

ಅಗರಬತ್ತಿ ಡಬ್ಬದ ಮೇಲಿನ ಹಾಲೋಗ್ರಾಮ್ ಓವರ್‌ರ‍್ಯಾಪ್ ಆದ ಮೇಲೆ ಉಬ್ಬುತ್ತದೆ. ಯಾಕೆ?

ಮೈಸೂರು ಅಗರಬತ್ತಿಗೆ ಜಿಐ ಟ್ಯಾಗ್ ಇದೆ, ಹೆಸರಿಗೆ ಬೆಲೆ ಇದೆ, ಹಾಗಾಗಿ ನಕಲೂ ಜಾಸ್ತಿ. ಈ ಪ್ರಶ್ನೆ ಅಲ್ಲಿಂದಲೇ ಹೆಚ್ಚು ಬರುತ್ತದೆ.

ಕಾರ್ಟನ್ ಮೇಲೆ ಬಿಒಪಿಪಿ ಸುತ್ತುವ ಮಿಷನ್ನಿನಲ್ಲಿ ಬಿಸಿ ಪ್ಲೇಟು ತಾಗುವುದು ಎರಡು ತುದಿಯ ಮಡಿಕೆಗೆ ಮತ್ತು ಉದ್ದದ ಒಂದು ಜೋಡಣೆಗೆ. ಆದರೆ ನಮ್ಮವರು "ತೆರೆದರೆ ಹರಿಯಲಿ" ಅಂತ ಹಾಲೋಗ್ರಾಮನ್ನು ಅಂಟಿಸುವುದು ಸರಿಯಾಗಿ ತುದಿಯ ಮುಚ್ಚಳದ ಮೇಲೇ. ಪ್ಲೇಟು ಕೂರುವುದೂ ಅಲ್ಲೇ. ಮುಚ್ಚಳದಿಂದ ಮುಖದ ಕಡೆಗೆ ಮಡಚಿಕೊಳ್ಳುವ ಉದ್ದನೆಯ ಸ್ಟಿಕ್ಕರ್ ಮಾಡಿಸಿ. ಹಾಲೋಗ್ರಾಮ್ ಭಾಗ ಮುಖದ ಮೇಲೆ ಇರಲಿ, ಹರಿಯುವ ಬಾಲ ಮಾತ್ರ ಮುಚ್ಚಳದ ಮೇಲಿರಲಿ. ಇಲ್ಲವೆಂದರೆ ಗುರುತನ್ನು ಹೊದಿಕೆ ಹರಿಯಲು ಎಳೆಯುವ ಟಿಯರ್ ಟೇಪಿನ ಮೇಲೇ ಪ್ರಿಂಟ್ ಮಾಡಿಸಬಹುದು.

ಉಬ್ಬುವುದಕ್ಕೆ ಇನ್ನೊಂದು ಕಾರಣ ಸುಗಂಧ. ಪರ್ಫ್ಯೂಮ್ ತೆಳು ಮಾಡಲು ಹಾಕುವ ಡಿಇಪಿ ಪ್ಲಾಸ್ಟಿಕ್ಕನ್ನೂ ಅಂಟನ್ನೂ ಮೆತ್ತಗೆ ಮಾಡುವ ದ್ರವ. ಒಳಗಿನ ಪೌಚು ಸರಿಯಾಗಿ ಸೀಲ್ ಆಗದಿದ್ದರೆ ಅದು ಕಾರ್ಟನ್ ಬೋರ್ಡಿಗೆ ಇಳಿದು ಸ್ಟಿಕ್ಕರಿನ ಅಂಟಿಗೆ ಬರುತ್ತದೆ. ಆಗ ಸ್ವಲ್ಪ ಬಿಸಿ ತಾಗಿದರೂ ಸಾಕು, ಅಂಚು ಎದ್ದುಬಿಡುತ್ತದೆ. ಅದ್ದಿದ ಬತ್ತಿಯನ್ನು ಪೂರ್ತಿ ಆರಿಸಿ ಪ್ಯಾಕ್ ಮಾಡಿ. ಹಾಲೋಗ್ರಾಮನ್ನು ಒಳಗಿನ ಪೌಚಿಗಂತೂ ಹಾಕಲೇಬೇಡಿ.

ಬೆಲ್ಲಕ್ಕೆ?

ಬೆಲ್ಲದಲ್ಲಿ ಸೀಲಿಂಗ್ ಬಾರಿಗಿಂತ ಬೆಲ್ಲದ ಬಿಸಿಯೇ ತೊಂದರೆ. ಆಲೆಮನೆಯಲ್ಲಿ ಅಚ್ಚಿನಿಂದ ತೆಗೆದ ಬೆಲ್ಲ ಹೊರಗೆ ಆರಿದಂತೆ ಕಂಡರೂ ಒಳಗೆ ಬಿಸಿ ಹಿಡಿದಿರುತ್ತದೆ. ಅದನ್ನು ಆಗಲೇ ಕವರಿಗೆ ಹಾಕಿ ಸೀಲ್ ಹೊಡೆದರೆ ಒಳಗೆ ಬೆವರುತ್ತದೆ, ಅಂಟು ಒಳಗಿನ ಬಿಸಿಗೆ ಜಾರುತ್ತದೆ, ಬೆಲ್ಲವೂ ನೀರು ಬಿಟ್ಟುಕೊಳ್ಳುತ್ತದೆ. ರಾತ್ರಿ ಆರಲು ಬಿಟ್ಟು ಬೆಳಗ್ಗೆ ಪ್ಯಾಕ್ ಮಾಡಿ. ಬೆಲ್ಲದಪುಡಿ ಪೌಚಿಗೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ.

ಶ್ರಿಂಕ್ ಟನಲ್ಲಿನಲ್ಲಿ ಸ್ಲೀವ್ ಜೊತೆ ಹಾಲೋಗ್ರಾಮೂ ಕುಗ್ಗುತ್ತದೆ.

ಸ್ಲೀವ್ ಅಂದರೆ ಬಾಟಲಿಗೆ ತೊಡಿಸುವ ಪ್ಲಾಸ್ಟಿಕ್ ತೋಳು, ಟನಲ್ಲಿನ ಬಿಸಿಗೆ ಕುಗ್ಗಲೆಂದೇ ಮಾಡಿದ್ದು, ಅದರ ಮೇಲೆ ಕುಗ್ಗದ ಸ್ಟಿಕ್ಕರ್ ಅಂಟಿಸಿದರೆ ಸುಕ್ಕಾಗದೆ ಇನ್ನೇನಾಗುತ್ತದೆ. ಕುಗ್ಗಿ ಆದ ಮೇಲೆ ಅಂಟಿಸಿ. ಮೊದಲೇ ಹಾಕಲೇಬೇಕು ಅಂದರೆ ಬಾಟಲಿಯ ವ್ಯಾಸಕ್ಕೆ ಹತ್ತಿರ ಇರುವ, ಕಡಿಮೆ ಕುಗ್ಗುವ ಭಾಗದಲ್ಲಿ ಸಣ್ಣದಾಗಿ ಹಾಕಿ, ಕತ್ತಿನ ಹತ್ತಿರ ಬೇಡ. ಬಿಸಿಗಾಳಿಗಿಂತ ಹಬೆಯ ಟನಲ್ ಒಳ್ಳೆಯದು, ಬಿಸಿ ಸಮನಾಗಿ ಬೀಳುತ್ತದೆ, ಮಾಮೂಲಿ ಹಬೆಯ ಟನಲ್ 100 ಡಿಗ್ರಿ ದಾಟುವುದೂ ಇಲ್ಲ. ಕೈಯಲ್ಲಿ ಹೀಟ್ ಗನ್ ಹಿಡಿದು ಕುಗ್ಗಿಸುವವರು ಹಾಲೋಗ್ರಾಮಿನ ಎದುರು ನಿಲ್ಲಿಸದೆ ಹಿಂಬದಿಯಿಂದ ಊದಿ.

ಕ್ಯೂಆರ್ ಸ್ಟಿಕ್ಕರ್ ಟನಲ್ಲಿನಿಂದ ಕಪ್ಪಾಗಿ ಹೊರಬರುತ್ತದೆ!

ಅದು ಡೈರೆಕ್ಟ್ ಥರ್ಮಲ್ ಕಾಗದ, ಅಂಗಡಿ ಬಿಲ್ಲಿನ ಕಾಗದದ ಜಾತಿ. ಬಿಸಿ ತಾಗಿದರೆ ಕಪ್ಪಾಗುವುದೇ ಅದರ ಕೆಲಸ. ರಿಬ್ಬನ್ ಹಾಕುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರಿಗೆ ಹೋಗಿ. ರಿಬ್ಬನ್ನಿನಲ್ಲೂ ವ್ಯಾಕ್ಸ್ ಬೇಡ, ಬಿಸಿಗೆ ಬಳಿದುಕೊಳ್ಳುತ್ತದೆ. ರೆಸಿನ್ ರಿಬ್ಬನ್, ಪಾಲಿಯೆಸ್ಟರ್ ಲೇಬಲ್ ತೆಗೆದುಕೊಳ್ಳಿ.

ಬಾಟಲಿಗೆ ಇಂಡಕ್ಷನ್ ಸೀಲ್ ಮಾಡುತ್ತೇವೆ. ಅಲ್ಲಿ ಬಿಸಿ ಬಾರೇ ಇಲ್ಲವಲ್ಲ?

ಬಾರ್ ಇಲ್ಲ, ಆದರೆ ಮಿಷನ್ನಿನ ಕಾಯಿಲಿನ (ವಿದ್ಯುತ್ ತಂತಿಯ ಸುರುಳಿಯ) ಕೆಳಗೆ ಹೋಗುವ ಲೋಹವೆಲ್ಲ ಕಾಯುತ್ತದೆ. ಮುಚ್ಚಳದೊಳಗಿನ ಫಾಯಿಲ್ ಕಾಯುವುದು ಹಾಗೇ. ಅಲ್ಯೂಮಿನಿಯಂ ಫಾಯಿಲ್ ಲೇಬಲನ್ನು ಕತ್ತಿಗೆ ಅಥವಾ ಮುಚ್ಚಳಕ್ಕೆ ಅಂಟಿಸಿದ್ದರೆ ಅದೂ ಕಾಯುತ್ತದೆ, ಒಳಗಿನ ಸೀಲಿಗೆ ಬರಬೇಕಾದ ಶಕ್ತಿಯನ್ನೂ ತಿನ್ನುತ್ತದೆ. ಮುಚ್ಚಳದ ಹಾಲೋಗ್ರಾಮನ್ನು ಇಂಡಕ್ಷನ್ ಆದ ಮೇಲೆ ಅಂಟಿಸಿ. ಲೈನಿನಲ್ಲಿ ಎರಡು ಸ್ಟೇಷನ್ ಅದಲು ಬದಲು ಮಾಡಿದರೆ ಮುಗಿಯಿತು.

ಬಿಸಿಗೆ ಬಣ್ಣ ಬದಲಾಯಿಸುವ ಇಂಕ್ ಹಾಕಿಸಬಹುದಾ? ಸೀಲಿಂಗಿನಲ್ಲಿ ಬಣ್ಣ ಹೋದರೆ ಗತಿ ಏನು?

ವಾಪಸ್ ಬರುವ ಜಾತಿಯದಾದರೆ ಬಣ್ಣ ಹೋಗುತ್ತದೆ, ತಣ್ಣಗಾದ ಮೇಲೆ ಬರುತ್ತದೆ, ಗಾಬರಿ ಬೇಡ. ಆದರೆ ಅದರ ಬಣ್ಣ ಇರುವುದು ಪುಟ್ಟ ಪುಟ್ಟ ಕ್ಯಾಪ್ಸೂಲುಗಳೊಳಗೆ. ಜೋರು ಬಿಸಿಯಲ್ಲಿ ಬಾರಿನಡಿ ಒತ್ತಿದರೆ ಅವು ಹಾಳಾಗಿ ಬಣ್ಣ ಮತ್ತೆ ಬರುವುದಿಲ್ಲ. ಒಂದೇ ಸಲ ಬದಲಾಗುವ ಇಂಕ್ ಆದರೆ ಸೀಲಿನ ಹತ್ತಿರವೂ ಸುಳಿಯಬಾರದು.

ನಮ್ಮ ಕಡೆಯವರಿಗೆ ಒಂದು ಮಾತು. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವ ಇಂಕ್ 31 ಡಿಗ್ರಿಗೆ ಬದಲಾಗುತ್ತದೆ, ಬೆರಳಿಟ್ಟರೆ ಬಣ್ಣ ಹೋಗಲಿ ಅಂತ. ಏಪ್ರಿಲ್ ತಿಂಗಳ ಮಂಡ್ಯದಲ್ಲಿ, ಶೀಟಿನ ಗೋಡೌನಿನಲ್ಲಿ, ಬೆರಳು ಇಡುವ ಮೊದಲೇ ಬಣ್ಣ ಹೋಗಿರುತ್ತದೆ. ಗ್ರಾಹಕ ನಕಲಿ ಅಂತ ವಾಪಸ್ ಕೊಡುತ್ತಾನೆ. ಇನ್ನೂ ಹೆಚ್ಚಿನ ಡಿಗ್ರಿಗೆ ಬದಲಾಗುವ ಇಂಕನ್ನು ಕೇಳಿ ತರಿಸಿಕೊಳ್ಳಿ.

ಓರೆ ಮಾಡಿದರೆ ಬಣ್ಣ ಬದಲಾಗುವ ಇಂಕ್ ಬೇರೆ. 500ರ ನೋಟನ್ನು ಓರೆ ಮಾಡಿದರೆ ದಾರ ಹಸಿರಿನಿಂದ ನೀಲಿಗೆ ತಿರುಗುತ್ತದಲ್ಲ, ಅಂಥದ್ದು. ಈ ಇಂಕಿನ ಬಣ್ಣ ಬರುವುದು ಲೋಹ ಮತ್ತು ಖನಿಜಗಳ ತೆಳು ಪದರದಿಂದ, ಹಾಗಾಗಿ ಒತ್ತಿದ ಗೆರೆಗಳ ಹಾಲೋಗ್ರಾಮಿಗಿಂತ ಬಿಸಿಗೆ ಗಟ್ಟಿ. ಸೀಲಿನಿಂದ ದೂರ ಇಡಲು ಜಾಗವೇ ಇಲ್ಲದ ಪುಟ್ಟ ಸ್ಯಾಶೆ ಪ್ಯಾಕಿಗೆ ನಾನು ಇದನ್ನೇ ಹೇಳುತ್ತೇನೆ, ದುಬಾರಿ ಆದರೂ.

ಮಾತ್ರೆ ಸ್ಟ್ರಿಪ್ ಮೇಲಿನ ಕ್ಯೂಆರ್ ಕೋಡ್ ಓದಲು ಬರುವುದಿಲ್ಲ.

2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡುಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯ ಆದ ಮೇಲೆ ಈ ಪ್ರಶ್ನೆ ಔಷಧ ಕಾರ್ಖಾನೆ ಇರುವ ನಂಜನಗೂಡು ಕಡೆಯಿಂದಲೂ ಬರಬಹುದಾದದ್ದೇ. ಬ್ಲಿಸ್ಟರಿನಲ್ಲಿ (ಮಾತ್ರೆಯ ಸ್ಟ್ರಿಪ್ಪಿನಲ್ಲಿ) ಪ್ರಿಂಟ್ ಇರುವ ಮೈಯೇ ಬಿಸಿ ಪ್ಲೇಟಿಗೆ ತಾಗುತ್ತದೆ, ಆದ್ದರಿಂದ ಇಂಕಿನ ಮೇಲೆ ಬಿಸಿ ತಡೆಯುವ ಲ್ಯಾಕರ್ ಇರಬೇಕು. ಆದರೆ ಎಷ್ಟೋ ಸಲ ಕೋಡ್ ಕೆಡಿಸುವುದು ಬಿಸಿಯಲ್ಲ, ಪ್ಲೇಟಿನ ಚುಕ್ಕಿ ಅಚ್ಚು. ಕೋಡಿನ ಚೌಕಗಳು ಆ ಚುಕ್ಕಿಗಿಂತ ಸಣ್ಣದಿದ್ದರೆ ಕ್ಯಾಮೆರಾಗೆ ಗೊಂದಲ. ಸ್ಟ್ರಿಪ್ಪಿನಲ್ಲಿ ಜಾಗ ಸಾಲದಿದ್ದರೆ ಹೊರಗಿನ ಕಾರ್ಟನ್ ಮೇಲೆ ಹಾಕಲು ನಿಯಮದಲ್ಲೇ ಅವಕಾಶ ಇದೆ.

ಅಲ್ಟ್ರಾಸಾನಿಕ್ ಮಿಷನ್ ತೆಗೆದುಕೊಂಡರೆ ಸಮಸ್ಯೆಯೇ ಇರುವುದಿಲ್ಲವಂತೆ?

ಕಡಿಮೆ ಆಗುತ್ತದೆ. ಅಲ್ಲಿ ಕಿವಿಗೆ ಕೇಳದ ಶಬ್ದದ ಕಂಪನದಿಂದ ಬಿಸಿ ಹುಟ್ಟುವುದು ಎರಡು ಪದರ ಸೇರುವ ಒಳಜಾಗದಲ್ಲೇ, ಹೊರಮೈ ತಂಪಾಗಿರುತ್ತದೆ. ಪುಡಿ ಕೂತಿದ್ದರೂ ಬಹುಮಟ್ಟಿಗೆ ಸೀಲ್ ಆಗುತ್ತದೆ. ಆದರೆ ಬೆಲೆ ನೋಡಿ. ಹಾಲೋಗ್ರಾಮನ್ನು 20 ಮಿಲಿಮೀಟರ್ ಸರಿಸುವುದಕ್ಕೆ ದುಡ್ಡು ಬೇಕಾಗಿಲ್ಲ.

ಮಿಷನ್ನಿಗೆ ಹಾಕುವ ಮೊದಲೇ ರೋಲ್ ಹಾಳಾಗಬಹುದಾ?

ಧಾರಾಳವಾಗಿ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ, ಶೀಟಿನ ಮಾಡಿನ ಕೆಳಗಿನ ಅಟ್ಟದಲ್ಲಿ ಇಟ್ಟರೆ ಅಂಟು ಅಂಚಿನಿಂದ ಹೊರಬರುತ್ತದೆ. ರೋಲನ್ನು ಕವರ್ ಸಮೇತ, ತಂಪಾದ ಒಣ ಕೋಣೆಯಲ್ಲಿ ಇಡಿ. ಬೀಗ ಇರುವ ಕೋಣೆ ಆದರೆ ಎರಡು ಕೆಲಸ ಆಯಿತು.

ಹೊಸ ಪೌಚು ಬಂದಾಗ ಹೇಗೆ ಪರೀಕ್ಷಿಸುವುದು?

ಸೀಲ್ ಗಟ್ಟಿ ಬರುವ ಅತಿ ಕಡಿಮೆ ಬಿಸಿ ಯಾವುದು ಅಂತ ಮೊದಲು ಹುಡುಕಿ. ಅಲ್ಲಿಂದ ಐದೈದು ಡಿಗ್ರಿ ಏರಿಸುತ್ತಾ ಹೋಗಿ, ಹಾಲೋಗ್ರಾಮ್ ಕೆಡಲು ಶುರುವಾಗುವ ಬಿಸಿ ಗುರುತು ಹಾಕಿಕೊಳ್ಳಿ. ಎರಡರ ನಡುವೆ ಇರುವುದೇ ನಿಮ್ಮ ಆಟದ ಜಾಗ. ಅದು ಹತ್ತು ಡಿಗ್ರಿಗಿಂತ ಕಡಿಮೆ ಇದ್ದರೆ ಆ ಪೌಚಿನಲ್ಲಿ ಕೆಲಸ ಶುರು ಮಾಡಲೇಬೇಡಿ, ವೋಲ್ಟೇಜ್ ಒಂದು ಸಲ ಕುಣಿದರೆ ಮುಗಿಯಿತು. ನೋಡುವಾಗ ಒಂದೇ ದೀಪದ ಕೆಳಗೆ, ಮೊಬೈಲ್ ಟಾರ್ಚ್ ಆದರೂ ಸರಿ, ಓರೆ ಮಾಡಿ ನೋಡಿ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಮಂಕಾದದ್ದು ಗೊತ್ತೇ ಆಗುವುದಿಲ್ಲ. ಬಿಸಿ ಮುಟ್ಟದ ಒಂದು ತುಂಡನ್ನು ಪಕ್ಕದಲ್ಲಿಟ್ಟುಕೊಳ್ಳಿ. ತಿನ್ನುವ ಪದಾರ್ಥದ ಪ್ಯಾಕಿಂಗ್ ಆದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗಿಗೇ ಒಂದು ವಿಭಾಗ ಇದೆ, ಹೋಗಿ ವಿಚಾರಿಸಿ.

ಹಾಳಾದ ಪೌಚುಗಳನ್ನು ಗುಜರಿಗೆ ಹಾಕಬಹುದಾ?

ಬೇಡ. ಸೀಲ್ ಕೆಟ್ಟಿದ್ದರೂ ಹಾಲೋಗ್ರಾಮ್ ಚೆನ್ನಾಗಿರುವ ಪೌಚು ನಕಲಿ ಮಾಡುವವನಿಗೆ ಬಿಟ್ಟಿ ಸಿಕ್ಕ ಅಸಲಿ ಗುರುತು. ರೋಲಿನ ಕೊನೆಯ ತುಂಡು, ಟ್ರಯಲ್ ತುಂಡು, ಎಲ್ಲವೂ ಹಾಗೇ. ಪ್ರತಿ ದಿನ ಎಷ್ಟು ಹಾಲೋಗ್ರಾಮ್ ಒಳಗೆ ಹೋಯಿತು, ಎಷ್ಟು ಒಳ್ಳೆ ಪೌಚಾಗಿ ಬಂತು, ಎಷ್ಟು ಕೆಟ್ಟಿತು ಅಂತ ಬರೆದಿಡಿ, ಲೆಕ್ಕ ತಾಳೆ ಆಗಬೇಕು. ಕೆಟ್ಟದ್ದನ್ನು ಹಾಲೋಗ್ರಾಮಿನ ನಡುವೆಯೇ ಎರಡು ತುಂಡು ಮಾಡಿ, ಆಮೇಲೆ ಗುಜರಿಗೆ ಹಾಕಿ.